ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದ ನಾಲ್ಕು ನಂಬರು

ಆಚೆಮನೆ ಅಕ್ಕ ಆ ದಿನ ಬೆಳಿಗ್ಗೆ ಏಳೂವರೆಗೇ ನಮ್ಮ ಅಂಗಳಕ್ಕೆ ಬಂದು ನಿಂತಿದ್ದರು. ಹಾಲು ಕರೆದು, ಡೈರಿಗೆ ಹಾಕಿ, ಸೀರೆ ಬದಲಿಸಿಕೊಂಡು ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಆಧಾರ್ ಕಾರ್ಡು, ಪಾಸ್‌ಬುಕ್ಕು, ರೇಷನ್ ಕಾರ್ಡು, ನಾಲ್ಕಾಗಿ ಮಡಚಿದ ಒಂದು ಕ್ಯಾಲೆಂಡರ್ ಹಾಳೆ.

"ತಮ್ಮಾ, ಬರದ ದುಡ್ಡು ಕೊಡ್ತಾ ಇದಾರಂತಲ್ಲ. ನೀನು ಹೋಗೋವಾಗ ನನ್ನನ್ನೂ ಕರ್ಕೊಂಡು ಹೋಗ್ತೀಯಾ?"

2024ರ ಜನವರಿ ಅದು. ಬೆಳೆ ಹಾಳಾದ ರೈತರಿಗೆ ಮೊದಲ ಕಂತಾಗಿ 2,000 ರೂಪಾಯಿವರೆಗೆ ಖಾತೆಗೆ ಹಾಕುತ್ತೇವೆ ಅಂತ ಸರ್ಕಾರ ಹೇಳಿತ್ತು. ನನ್ನ ಖಾತೆಗೆ ಆಧಾರ್ ಜೋಡಣೆ ಸರಿ ಇರಲಿಲ್ಲ. ಯಾವುದೋ ಕಾಲದಲ್ಲಿ ಗ್ಯಾಸ್ ಸಬ್ಸಿಡಿಗೆ ಅಂತ ಮಾಡಿಸಿದ್ದ ಹಳೆ ಖಾತೆಗೆ ಅದು ಅಂಟಿಕೊಂಡಿತ್ತು. ಅದನ್ನು ಸರಿ ಮಾಡಿಸೋಕೆ ಹೇಗೂ ಹೊರಟಿದ್ದೆ. ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡೆ.

ಮಲೆನಾಡಿಗೂ ಬರ ಬಂದಿದೆ ಅಂದರೆ ಹೊರಗಿನವರು ನಂಬುವುದು ಕಷ್ಟ. ಶಿವಮೊಗ್ಗ ದಾಟಿ ನಮ್ಮ ಕಡೆ ಬರುವ ಬಸ್ಸಿನಲ್ಲಿ ಕೂತರೆ ರಸ್ತೆಯ ಎರಡೂ ಬದಿಗೆ ಹಸಿರೇ ಕಾಣುತ್ತದೆ. ಕಾಡು ಹಸಿರಾಗಿರುತ್ತದೆ, ತೋಟ ಹಸಿರಾಗಿರುತ್ತದೆ. ಆದರೆ ಹಸು ತಿನ್ನುವುದು ನೆಲದ ಹುಲ್ಲನ್ನು. 2023ರಲ್ಲಿ ಜೂನ್ ಮಳೆ ತಡವಾಯಿತು. ಜುಲೈನಲ್ಲಿ ಸುರಿಯಿತು, ನಾಟಿ ಮಾಡಿದೆವು. ಆಗಸ್ಟ್ ಪೂರ್ತಿ ಕೈಕೊಟ್ಟಿತು. 1901ರಿಂದ ಮಳೆ ಲೆಕ್ಕ ಇಡಲು ಶುರು ಮಾಡಿದ ಮೇಲೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಬಂದೇ ಇರಲಿಲ್ಲವಂತೆ. ಗದ್ದೆ ಬಿರುಕು ಬಿಟ್ಟಿತು. ಭತ್ತ ಅರ್ಧಕ್ಕರ್ಧ ಜೊಳ್ಳು. ಹುಲ್ಲು ಮೊಣಕಾಲು ಎತ್ತರಕ್ಕೂ ಬರಲಿಲ್ಲ. ದನ ಮೇಯುವ ಬ್ಯಾಣದಲ್ಲಿ ದೀಪಾವಳಿ ಹೊತ್ತಿಗೇ ಹುಲ್ಲು ಕೆಂಪಗಾಗಿತ್ತು. ಬೇರೆ ವರ್ಷ ಆಗಿದ್ದರೆ ಭದ್ರಾ ಅಚ್ಚುಕಟ್ಟಿನ ಕಡೆಯಿಂದ ಲಾರಿಯಲ್ಲಿ ಹುಲ್ಲು ಬರುತ್ತಿತ್ತು. ಆ ವರ್ಷ ಭದ್ರಾ ಡ್ಯಾಮೇ ತುಂಬಲಿಲ್ಲ, ಇತ್ತ ಲಿಂಗನಮಕ್ಕಿಯೂ ತುಂಬಲಿಲ್ಲ. ಸೆಪ್ಟೆಂಬರಿನಲ್ಲಿ 195 ತಾಲೂಕು ಬರಪೀಡಿತ ಅಂದರು. ಕೊನೆಗೆ ರಾಜ್ಯದ 236 ತಾಲೂಕಿನಲ್ಲಿ 223 ಆ ಪಟ್ಟಿಗೆ ಸೇರಿದವು.

ಸೇವಾ ಕೇಂದ್ರದಲ್ಲಿ ಆಗಲೇ ಇಪ್ಪತ್ತು ಮೂವತ್ತು ಜನ ಇದ್ದರು. ನನ್ನದು ಅರ್ಧ ಗಂಟೆಯಲ್ಲಿ ಮುಗಿಯಿತು. ಎಫ್‌ಐಡಿ (ರೈತರ ನೋಂದಣಿ ನಂಬರು) ಇದೆ, ಪಹಣಿ ಜೋಡಣೆ ಆಗಿದೆ, ಬ್ಯಾಂಕಿಗೆ ಹೋಗಿ ಆಧಾರ್ ಒಂದು ಸರಿ ಮಾಡಿಸಿಕೊಳ್ಳಿ ಅಂದರು. ಆಮೇಲೆ ಅಕ್ಕನ ಸರದಿ.

"ಸರ್ವೆ ನಂಬರ್ ಹೇಳಿ ಅಮ್ಮಾ," ಅಂದ ಕಂಪ್ಯೂಟರಿನ ಮುಂದಿದ್ದ ಹುಡುಗ.

ಅಕ್ಕ ಕವರಿನಿಂದ ಕ್ಯಾಲೆಂಡರ್ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಹಾಳೆಯ ಹಿಂಬದಿಯ ಬಿಳಿ ಜಾಗದಲ್ಲಿ ನೀಲಿ ಪೆನ್ನಿನಲ್ಲಿ ನಾಲ್ಕು ಸಾಲು. ಒಂದೊಂದು ಸಾಲಿಗೂ ಹನ್ನೆರಡು ಅಂಕಿ. ಪಕ್ಕದಲ್ಲಿ ಹೆಸರು: ಕೆಂಪಿ, ಗೌರಿ, ಕಪ್ಪಿ, ಜರ್ಸಿ. ದನದ ಕಿವಿಗೆ ಹಾಕಿದ ಹಳದಿ ಓಲೆಯ ನಂಬರುಗಳು ಅವು. ಕೊಟ್ಟಿಗೆಯಲ್ಲಿ ಬ್ಯಾಟರಿ ಹಿಡಿದು, ಒಂದೊಂದರ ಕಿವಿ ಒರೆಸಿ, ಮಗಳ ಹತ್ತಿರ ಬರೆಸಿಕೊಂಡು ಬಂದಿದ್ದರು. ಗೌರಿಯ ಓಲೆಗೆ ಸಗಣಿ ಒಣಗಿ ಹತ್ತಿತ್ತಂತೆ, ಬಿಸಿನೀರಲ್ಲಿ ತೊಳೆಯಬೇಕಾಯಿತು ಅಂತ ದಾರಿಯಲ್ಲಿ ನನಗೆ ಹೇಳಿದ್ದರು. ನಾನು ಆಗ ಅದನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

"ಇದಲ್ಲಮ್ಮಾ. ಜಮೀನಿನ ನಂಬರ್."

"ಜಮೀನು ಇಲ್ಲ ಕಣಪ್ಪಾ. ದನ ಇದಾವೆ. ಸರ್ಕಾರದವರೇ ಬಂದು ಹಾಕಿದ ನಂಬರ್ ಇದು."

ಹುಡುಗ ಒಳ್ಳೆಯವನು. ಆ ಹಾಳೆಯನ್ನು ಪೂರ್ತಿ ನೋಡಿದ. ಆಮೇಲೆ ನಿಧಾನಕ್ಕೆ ಹೇಳಿದ: ಎಫ್‌ಐಡಿ ಮಾಡಿಕೊಡಬಹುದು, ಆದರೆ ಪರಿಹಾರ ಬರುವುದು ಪಹಣಿಯಲ್ಲಿರುವ ಬೆಳೆಗೆ. ದನಕ್ಕೆ ಅಂತ ಈ ಕಂಪ್ಯೂಟರಿನಲ್ಲಿ ಜಾಗ ಇಲ್ಲ.

ಅಕ್ಕನಿಗೆ ಪಹಣಿ ಇಲ್ಲದಿರುವುದು ಅವರ ತಪ್ಪಲ್ಲ. ಅವರ ಮಾವನ ಮನೆಯವರು ಶರಾವತಿ ಮುಳುಗಡೆಯವರು. 1960ರ ದಶಕದಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಗದ್ದೆ, ಮನೆ ಎಲ್ಲ ಬಿಟ್ಟು, ಸಾಮಾನು ಹೇರಿಕೊಂಡು ಬಂದು ಕಾಡಿನಂಚಿನಲ್ಲಿ ಕೂತರು. ಕೂತ ಜಾಗ ಇವತ್ತಿಗೂ ದಾಖಲೆಯಲ್ಲಿ ಅರಣ್ಯ. ಹಾಗೇ ಉಳಿದ ಸಂಸಾರಗಳು ನಮ್ಮ ಕಡೆ ಬೇಕಾದಷ್ಟು ಇವೆ. ಊರು ಬೆಳಗಲಿ ಅಂತ ನೆಲ ಕೊಟ್ಟವರಿಗೆ ಅರವತ್ತು ವರ್ಷವಾದರೂ ಒಂದು ಪಹಣಿ ಸಿಗಲಿಲ್ಲ. ಅವರು ಇರುವ ಜಾಗದಲ್ಲಿ ಬೆಳೆದದ್ದು ಒಣಗಿದರೆ ಲೆಕ್ಕದಲ್ಲಿ ಏನೂ ಒಣಗಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ವಾಪಸ್ ಬರುವಾಗ ಅಕ್ಕ ಜಾಸ್ತಿ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಒಂದೇ ಕೇಳಿದರು. "ಹಂಗಾದ್ರೆ ಆ ನಂಬರ್ ಯಾಕೆ ಹಾಕಿದ್ರು ತಮ್ಮಾ?"

ಲಸಿಕೆ ಹಾಕಿದ್ದು, ರೋಗ ಬಂದದ್ದು ಗೊತ್ತಾಗಲಿ ಅಂತ ಹಾಕಿದ್ದು ಅಂದೆ. ಅದು ನಿಜವೇ. ಆದರೆ ಅವರ ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಯಾರ ಮನೆಯಲ್ಲಿ ಎಷ್ಟು ದನ ಅಂತ ಸರ್ಕಾರಕ್ಕೆ ಕಿವಿ ಲೆಕ್ಕದಲ್ಲಿ ಗೊತ್ತಿದೆ ಅಂದಮೇಲೆ, ಬರ ಬಂದಾಗ ಆ ನಂಬರು ಹಿಡಿದೇ ಮೇವಿನ ಹಣ ಹಾಕಬಹುದಲ್ವಾ?

ಆ ರಾತ್ರಿ ಆಗಿನ ವಿಪತ್ತು ಪರಿಹಾರದ ದರಪಟ್ಟಿ ಹುಡುಕಿ ಓದಿದೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿನವರೆಗೆ ಮಾತ್ರ. ದನಕ್ಕೂ ಇದೆ, ಇಲ್ಲ ಅಂತಲ್ಲ. ಜಾನುವಾರು ಶಿಬಿರದಲ್ಲಿ ದೊಡ್ಡ ದನವೊಂದಕ್ಕೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45. ಆ ಲೆಕ್ಕದಲ್ಲಿ ಅಕ್ಕನ ನಾಲ್ಕು ದನಕ್ಕೆ ದಿನಕ್ಕೆ 320 ಆಯಿತು. ಅಂದರೆ ನನಗೆ ಬರಬೇಕಿದ್ದ 2,000 ಅವರ ಕೊಟ್ಟಿಗೆಗೆ ಆರು ದಿನದ ಮೇವು. ಆ ಆರು ದಿನದ್ದೂ ಅವರಿಗೆ ಇಲ್ಲ. ಶಿಬಿರಕ್ಕೆ ಹೊಡೆದುಕೊಂಡು ಹೋಗೋಣ ಅಂದರೆ ನಮ್ಮ ಕಡೆ ಮನೆಗಳು ಗುಡ್ಡಕ್ಕೊಂದು ಕಣಿವೆಗೊಂದು. ಬಯಲುಸೀಮೆಯ ಹಾಗೆ ಊರಿಗೆ ಊರೇ ಒಂದು ಕಡೆ ಇರುವುದಿಲ್ಲ. ಹಾಲು ಕರೆಯುವ ಹಸುವನ್ನು ಕಾಡುದಾರಿಯಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ನಡೆಸಿ, ಅಲ್ಲೇ ಬಿಟ್ಟು ಬರುವವರು ಯಾರು?

ಹಸು ಸತ್ತರೂ ಪರಿಹಾರ ಇದೆ. ಅದೇ ಪಟ್ಟಿಯಲ್ಲಿ ಹಾಲು ಕೊಡುವ ಹಸುವಿಗೆ 37,500, ಎತ್ತಿಗೆ 32,000. ಆದರೆ ಬರದಲ್ಲಿ ಹಸು ಒಂದು ದಿನ ಧೊಪ್ಪನೆ ಬಿದ್ದು ಸಾಯುವುದಿಲ್ಲ. ಪಕ್ಕೆಲುಬು ಕಾಣುತ್ತದೆ. ಹಾಲು ಬತ್ತುತ್ತದೆ. ಬೆದೆಗೆ ಬರುವುದಿಲ್ಲ. ಆಮೇಲೆ ಒಂದು ದಿನ ಮನೆಯವರು ಅದನ್ನು ಮಾರುತ್ತಾರೆ. ಮಾರಿದ ಹಸು ಯಾವ ಪಟ್ಟಿಗೂ ಬರುವುದಿಲ್ಲ.

ಫೆಬ್ರವರಿ ಹೊತ್ತಿಗೆ ಅಕ್ಕ ಅಡಿಕೆ ಹಾಳೆಗೆ ಇಳಿದಿದ್ದರು. ತೋಟದವರನ್ನು ಕೇಳಿ, ಬಿದ್ದ ಹಾಳೆ ಆರಿಸಿ ತಂದು ನೆನೆಸಿಡುವುದು. ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂತು, ಒಂದೊಂದೇ ಹಾಳೆಯನ್ನು ಉದ್ದಕ್ಕೆ ಸೀಳಿ, ಮತ್ತೆ ಅಡ್ಡಕ್ಕೆ ಬೆರಳಗಲ ಕೊಚ್ಚುವುದು. ಹಾಳೆ ಗಟ್ಟಿ, ನಾರು ಜಾಸ್ತಿ. ಒಂದು ಬುಟ್ಟಿ ಆಗಬೇಕಾದರೆ ಗಂಟೆ ಹಿಡಿಯುತ್ತದೆ. ಮೇಲೆ ಒಂದು ಮುಷ್ಟಿ ಬೂಸ ಉದುರಿಸಿ, ಅಕ್ಕಿ ತೊಳೆದ ಅಕ್ಕಚ್ಚು ಚಿಮುಕಿಸಿ ಇಟ್ಟರೆ ಮಲೆನಾಡು ಗಿಡ್ಡ ತಳಿಯ ನಾಟಿ ದನ ಮೂರೂ ತಿನ್ನುತ್ತಿದ್ದವು. ಜರ್ಸಿ ಮೂಸಿ ಮುಖ ತಿರುಗಿಸುತ್ತಿತ್ತು. ಅಕ್ಕ ಅದರ ಗಂಗೆದೊಗಲು ನೇವರಿಸುತ್ತಾ "ತಿನ್ನು ಮಗಾ, ತಿನ್ನು" ಅಂತ ಕೈಯಿಂದಲೇ ತಿನ್ನಿಸಲು ನೋಡುತ್ತಿದ್ದರು. ಅವರ ಹೆಬ್ಬೆರಳಿನ ಬುಡ ಪೂರ್ತಿ ಕಪ್ಪಾಗಿ ಸೀಳು ಬಿಟ್ಟಿತ್ತು. ಹಾಳೆಯ ಕಲೆ, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಪಶುಪಾಲನಾ ಇಲಾಖೆಯವರು ಮೇವಿನ ಬೀಜದ ಕಿಟ್ ಪುಕ್ಕಟೆ ಕೊಟ್ಟರು. ನೀರಿನ ಅನುಕೂಲ ಇದ್ದವರಿಗೆ. ನಮ್ಮಲ್ಲಿ ತೋಟದ ಕೆರೆಯ ತಳದಲ್ಲಿ ಸ್ವಲ್ಪ ನೀರಿತ್ತು, ಹಾಗಾಗಿ ನನಗೆ ಸಿಕ್ಕಿತು. ಕಾಲು ಎಕರೆಗೆ ಹಾಕಿದೆ, ಜೋಳ ಚೆನ್ನಾಗಿಯೇ ಬಂತು. ಇದೊಂದು ನಿಜವಾಗಿ ಕೆಲಸಕ್ಕೆ ಬಂದ ಪರಿಹಾರ ಅಂತ ಮನಸ್ಸು ಬಿಚ್ಚಿ ಹೇಳುತ್ತೇನೆ. ನನ್ನ ಮನೆಯಲ್ಲಿ ಇರುವುದು ಒಂದೇ ಹಸು. ಉಳಿದ ಮೇವು ಕುಯ್ದು ಹೊರೆ ಕಟ್ಟಿ ಅಕ್ಕನ ಕೊಟ್ಟಿಗೆಗೆ ಹಾಕುತ್ತಿದ್ದೆ. ನನ್ನ ಖಾತೆಗೆ 2,000 ಬಂತು. ಏಪ್ರಿಲ್ ಕೊನೆಯಲ್ಲಿ, ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಕೇಂದ್ರದಿಂದ ರಾಜ್ಯಕ್ಕೆ 3,454 ಕೋಟಿ ಮಂಜೂರಾಗಿ ಎರಡನೇ ಕಂತೂ ಬಂತು. ನನ್ನ ಒಂದೂವರೆ ಎಕರೆ ಗದ್ದೆಗೆ ಎಲ್ಲ ಸೇರಿ ಐದು ಸಾವಿರ ಚಿಲ್ಲರೆ. ಆ ದುಡ್ಡಿಗೆ ಹುಲ್ಲು ತರಿಸಿ ಅರ್ಧ ಅವರ ಅಟ್ಟಕ್ಕೆ ಏರಿಸಿದೆ. ಬೇಡ ಬೇಡ ಅಂದರು. ಆಮೇಲೆ ಮೇ ತಿಂಗಳಿಡೀ ದಿನಾ ಒಂದು ತಂಬಿಗೆ ಮಜ್ಜಿಗೆ ನಮ್ಮನೆಗೆ ಬರುತ್ತಿತ್ತು.

ಜರ್ಸಿ ಮಾತ್ರ ಅಷ್ಟರೊಳಗೆ ಹೋಗಿತ್ತು. ಮಾರ್ಚಿನಲ್ಲೇ ಕೊಟ್ಟರು. ಡೈರಿಗೆ ಹೋಗುತ್ತಿದ್ದ ಹಾಲಿನಲ್ಲಿ ಮುಕ್ಕಾಲು ಅದರದ್ದೇ. ಆದರೆ ಅದರ ಹೊಟ್ಟೆ ತುಂಬಿಸುವುದು ಅವರಿಂದ ಆಗುವ ಮಾತಾಗಿರಲಿಲ್ಲ. ಪಿಕಪ್ ಬಂದಾಗ ನಾನೂ ಇದ್ದೆ. ಅಕ್ಕ ಹೊರಗೆ ಬರಲಿಲ್ಲ. ಮಗಳು ಹಗ್ಗ ಹಿಡಿದು ಹತ್ತಿಸಿದಳು.

ಉಳಿದ ಮೂರು ಬದುಕಿದ್ದು ಲಿಂಗನಮಕ್ಕಿ ಹಿನ್ನೀರಿನಿಂದ. ನೀರು ತೀರಾ ಕೆಳಗಿಳಿದ ವರ್ಷ ಅದರಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸುತ್ತದೆ, ಹಳೆ ಗದ್ದೆಗಳೂ ಬಯಲಾಗುತ್ತವೆ. ಆ ಹಸಿ ಮಣ್ಣಿನಲ್ಲಿ ಗರಿಕೆಯಂಥ ಸಣ್ಣ ಹುಲ್ಲು ಚಿಗುರುತ್ತದೆ. ಅಕ್ಕ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮೂರನ್ನೂ ಅಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದು ದಿನ ನಾನೂ ಜೊತೆಗೆ ಹೋದೆ. ಮಣ್ಣಿನಲ್ಲಿ ಅರ್ಧ ಹೂತ ಕಲ್ಲಿನ ಸಾಲೊಂದನ್ನು ತೋರಿಸಿದರು. "ಇದು ನಮ್ಮ ಮಾವನ ಗದ್ದೆ ಅಂಚು ಅಂತ ಅತ್ತೆ ಹೇಳೋರು." ಕೆಂಪಿ ಆ ಕಲ್ಲಿಗೆ ಕುತ್ತಿಗೆ ತಿಕ್ಕುತ್ತಾ ನಿಂತಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಜುಲೈಗೆ ಆ ಕಲ್ಲಿನ ಸಾಲು ನೀರೊಳಗೆ ಹೋಯಿತು. ಮೊನ್ನೆ ಯಾವುದೋ ಕಾಗದಕ್ಕೆ ಅಂತ ಅಕ್ಕ ಅದೇ ಕವರು ತಂದಿದ್ದರು. ಕ್ಯಾಲೆಂಡರ್ ಹಾಳೆ ಇನ್ನೂ ಅದರೊಳಗೇ ಇತ್ತು. ನಾಲ್ಕನೇ ಸಾಲಿನ ಮೇಲೆ ಒಂದು ಗೆರೆ ಎಳೆದಿದ್ದರು. ಕೆಳಗೆ ಹೊಸದಾಗಿ, ನಂಬರಿಲ್ಲದೆ, ಹೆಸರು ಮಾತ್ರ ಬರೆದಿತ್ತು: ಗೌರಿ ಕರು.