ಮರಣ ಪ್ರಮಾಣಪತ್ರದಲ್ಲಿ ಒಂದು ಹೆಸರು

ಸಲಿಂಗ ವಿವಾಹಕ್ಕೆ ಅಮೆರಿಕದಾದ್ಯಂತ ಮಾನ್ಯತೆ ಕೊಟ್ಟ 2015ರ ಜೂನ್ 26ರ ಸುಪ್ರೀಂ ಕೋರ್ಟ್ ತೀರ್ಪಿನ ಕುರಿತು ವಾದ ಎದ್ದಾಗಲೆಲ್ಲ ನನಗೆ ನೆನಪಾಗುವುದು ಬಾಲ್ಟಿಮೋರ್ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಒಂದು ಪುಟ್ಟ ವೈದ್ಯಕೀಯ ವಿಮಾನ. ಒಹಾಯೊದ ಜಿಮ್ ಒಬರ್ಗೆಫೆಲ್ ಮತ್ತು ಜಾನ್ ಆರ್ಥರ್ 2013ರ ಜುಲೈನಲ್ಲಿ ಅದರೊಳಗೇ ಮದುವೆಯಾದರು. ಎಎಲ್‌ಎಸ್ ಎಂಬ ನರರೋಗದಿಂದ ಆರ್ಥರ್ ಹಾಸಿಗೆ ಹಿಡಿದಿದ್ದರು. ತಮ್ಮ ರಾಜ್ಯ ಆ ಮದುವೆಯನ್ನು ಒಪ್ಪದ ಕಾರಣ, ಆರ್ಥರ್ ಅವರ ಮರಣ ಪ್ರಮಾಣಪತ್ರದಲ್ಲಿ ಸಂಗಾತಿಯೆಂದು ತಮ್ಮ ಹೆಸರೇ ಇರಬೇಕೆಂದು ಒಬರ್ಗೆಫೆಲ್ ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ಅಕ್ಟೋಬರ್‌ನಲ್ಲಿ ಆರ್ಥರ್ ತೀರಿಕೊಂಡರು.

ಒಬರ್ಗೆಫೆಲ್ ಹೂಡಿದ ಆ ಮೊಕದ್ದಮೆಯೇ ಮುಂದೆ ಸುಪ್ರೀಂ ಕೋರ್ಟ್ ತಲುಪಿ, 2015ರ ತೀರ್ಪಿಗೆ ದಾರಿಯಾಯಿತು. ಆ ತೀರ್ಪು ಬಂದದ್ದು ಐದು-ನಾಲ್ಕರ ಬಹುಮತದಿಂದ. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆಂಟನಿ ಕೆನಡಿ. ಇಂಥ ಬದಲಾವಣೆಯನ್ನು ಜನರೂ ಶಾಸನಸಭೆಗಳೂ ತರಬೇಕೇ ಹೊರತು ಐವರು ನ್ಯಾಯಾಧೀಶರಲ್ಲ ಎಂಬುದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ಭಿನ್ನಮತದ ತಿರುಳು. ಈ ವಾದವನ್ನು ಬರಿಯ ದ್ವೇಷವೆಂದು ತಳ್ಳಿಹಾಕುವುದು ಸರಿಯಲ್ಲ. ಪ್ರಜಾಪ್ರಭುತ್ವದ ಬಗೆಗಿನ ಕಾಳಜಿ ಅದರಲ್ಲಿದೆ. ಆದರೂ ನಾನು ಅದನ್ನು ಒಪ್ಪಲಾರೆ. ಅಲ್ಪಸಂಖ್ಯಾತರ ಹಕ್ಕು ಬಹುಸಂಖ್ಯಾತರ ಮನಸ್ಸು ಕರಗುವ ತನಕ ಕಾಯಬೇಕೆಂದರೆ, ಸಾವಿನ ಹೊಸ್ತಿಲಲ್ಲಿದ್ದ ಆರ್ಥರ್‌ರಂಥವರಿಗೆ ಕಾಯಲು ಸಮಯವಾದರೂ ಎಲ್ಲಿತ್ತು?

ನಮ್ಮಲ್ಲಿ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೆಚ್ಚುಕಡಿಮೆ ರಾಬರ್ಟ್ಸ್ ಅವರ ಹಾದಿಯನ್ನೇ ಹಿಡಿದು, ವಿವಾಹದ ಕಾನೂನು ಸಂಸತ್ತಿನ ವಿಷಯವೆಂದಿತು. ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು, ಪಿಂಚಣಿಗೆ ಅರ್ಜಿ ಸಲ್ಲಿಸಲು ಸಂಗಾತಿಗೆ ಅವಕಾಶ ಸಿಗಬೇಕೆಂಬ ಬೇಡಿಕೆ ಇಲ್ಲಿಯೂ ಅಷ್ಟೇ ಸರಳವಾದದ್ದು.