ಕಂಪ್ಯೂಟ್ರಲ್ಲಿ ಸರಿಯಾಗೇ ಇತ್ತಲ್ಲಪ್ಪ

"ಕಂಪ್ಯೂಟ್ರಲ್ಲಿ ಸರಿಯಾಗೇ ಇತ್ತಲ್ಲಪ್ಪ, ಕಾಗದಕ್ಕೆ ಬರೋ ಅಷ್ಟರಲ್ಲಿ ಏನಾಯ್ತು?"

ಸೋಮವಾರ ಒಂದು ಸಹಕಾರ ಸಂಘದ ಕೌಂಟರಿನಲ್ಲಿ ರಸೀದಿ ಹಿಡಿದುಕೊಂಡ ಹಿರಿಯರೊಬ್ಬರು ಕೇಳಿದ್ದು. ಅವರ ಹೆಸರು ಲಕ್ಷ್ಮಮ್ಮ ಎಂದಿಟ್ಟುಕೊಳ್ಳಿ. ಪರದೆಯ ಮೇಲೆ ಹಾಗೇ ಇತ್ತು. ಪಿಡಿಎಫ್‌ನಲ್ಲಿ 'ಲಕ್‌ಷ್‌ಮಮ್‌ಮ' ಆಗಿತ್ತು. ಗುಮಾಸ್ತ ಹೇಳಿದ್ದು: "ಫಾಂಟ್ ಪ್ರಾಬ್ಲಮ್ ಅಮ್ಮ, ಮುಂದಿನ ಸಲ ಇಂಗ್ಲಿಷಲ್ಲೇ ಹಾಕಿಬಿಡ್ತೀವಿ."

ಫಾಂಟ್ ಬದಲಿಸಿದರೂ ಇದು ಸರಿಹೋಗುವುದಿಲ್ಲ. ಡೇಟಾಬೇಸಿನಲ್ಲಿ ಆ ಹೆಸರು 9 ಯೂನಿಕೋಡ್ ಸಂಕೇತಗಳ ಸಾಲು: ಲ, ಕ, ಹಲಂತ, ಷ, ಹಲಂತ, ಮ, ಮ, ಹಲಂತ, ಮ. ಓದುವವರಿಗೆ ಕಾಣಬೇಕಾದದ್ದು 3 ಅಕ್ಷರ. ಒಂಬತ್ತನ್ನು ಮೂರಾಗಿಸಿ ಒತ್ತುಗಳನ್ನು ಕೆಳಗೆ ಕೂರಿಸುವ ಕೆಲಸವನ್ನು ಬ್ರೌಸರಿನೊಳಗೆ ಹಾರ್ಫ್‌ಬಝ್‌ನಂಥ ತಂತ್ರಾಂಶ ಮಾಡುತ್ತದೆ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಿಡಿಎಫ್ ಮಾಡಿಕೊಡುವ ಡಾಮ್‌ಪಿಡಿಎಫ್, ಟಿಸಿಪಿಡಿಎಫ್ ಲೈಬ್ರರಿಗಳಿಗೆ (ಸಿದ್ಧ ಕೋಡಿನ ಕಂತೆಗಳಿಗೆ) ಕನ್ನಡದ ಈ ಜೋಡಣೆ ಬರುವುದಿಲ್ಲ. ಸಂಕೇತಗಳು ಬಂದ ಸಾಲಿನಲ್ಲೇ ಅಚ್ಚು ಜೋಡಿಸಿ ಕೈತೊಳೆದುಕೊಳ್ಳುತ್ತವೆ. ಪಿಡಿಎಫ್ ಎಂದರೆ ಪರದೆಯ ನಕಲು ಎಂದುಕೊಂಡವರೇ ಹೆಚ್ಚು. ಅಲ್ಲಿ ಅಕ್ಷರ ಜೋಡಿಸುವವನೇ ಬೇರೆ, ಅವನಿಗೆ ಕನ್ನಡ ಓದಲು ಬರದಿರಬಹುದು.

ತಮಾಷೆಯೆಂದರೆ, ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳ ದಾಖಲೆಗೆ ಈ ರೋಗವಿರಲಿಲ್ಲ. ಅಲ್ಲಿ ಒತ್ತು, ಗುಣಿತಗಳ ಚೂರುಗಳೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದರಿಂದ ಎಂಥ ಪೆದ್ದು ಲೈಬ್ರರಿಯೂ ಸರಿಯಾಗಿ ಮುದ್ರಿಸುತ್ತಿತ್ತು. ಹುಡುಕಲು, ವಿಂಗಡಿಸಲು ಹೋದಾಗ ಗೊತ್ತಾಗುತ್ತಿತ್ತು ಅದರ ಬಣ್ಣ.

ದಾರಿ ಎರಡಿವೆ. ಪಿಎಚ್‌ಪಿ ಬಿಡಲಾಗದವರು ಎಂಪಿಡಿಎಫ್ ಎಂಬ ಇನ್ನೊಂದು ಲೈಬ್ರರಿಗೆ ಹೋಗಲಿ: ಕನ್ನಡ ಫಾಂಟಿನ ನಮೂದಿನಲ್ಲಿ, ಈ ಜೋಡಣೆಯನ್ನು ಚಾಲೂ ಮಾಡುವ 'ಯೂಸ್‌ಒಟಿಎಲ್' ಆಯ್ಕೆಗೆ 255 ಕೊಡಬೇಕು. ಇದನ್ನು ಮರೆತರೆ ಮತ್ತೆ ಅದೇ ಲಕ್‌ಷ್‌ಮಮ್‌ಮ. ಇನ್ನೊಂದು, ಸರ್ವರಿನಲ್ಲೇ ಪರದೆಯಿಲ್ಲದ ಕ್ರೋಮ್ ಓಡಿಸಿ ಅದೇ ಪುಟವನ್ನು ಪಿಡಿಎಫ್ ಮಾಡಿಸುವುದು. ಜೋಡಣೆ ಬ್ರೌಸರಿನದೇ ಆದ್ದರಿಂದ ಒತ್ತು ತಪ್ಪುವುದಿಲ್ಲ. ಆದರೆ ಸರ್ವರಿನಲ್ಲಿ ಕನ್ನಡ ಫಾಂಟೇ ಇಲ್ಲದಿದ್ದರೆ ಬರೀ ಚೌಕಗಳು ಬರುತ್ತವೆ. ನೋಟೋ ಸ್ಯಾನ್ಸ್ ಕನ್ನಡ ಹಾಕಿ, ಫಾಂಟುಗಳ ಪಟ್ಟಿ ತೋರಿಸುವ ಎಫ್‌ಸಿ-ಲಿಸ್ಟ್ ಆಜ್ಞೆಯಲ್ಲಿ ಅದರ ಹೆಸರು ಕಾಣುತ್ತದೆಯೇ ನೋಡಿಕೊಳ್ಳಿ. ತಂತ್ರಾಂಶವನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್‌ನಲ್ಲಿ ಹಂಚಿಕೆಯ ಮೆಮೊರಿ ಮೊದಲಿಗೆ 64 ಎಂಬಿ ಮಾತ್ರ. ಉದ್ದದ ಪಟ್ಟಿಗೆ ಕ್ರೋಮ್ ಅಲ್ಲೇ ಕುಸಿಯಬಹುದು, ಅದನ್ನು ಹೆಚ್ಚಿಸಿ. ರಸೀದಿಗೊಂದು ಬ್ರೌಸರ್ ತೆರೆಯಬೇಡಿ. ಒಂದನ್ನೇ ತೆರೆದಿಟ್ಟು ಕೆಲಸಗಳನ್ನು ಸರದಿಗೆ ಹಚ್ಚಿ. ಕೋಷ್ಟಕದ ತಲೆಸಾಲನ್ನು ಎಚ್‌ಟಿಎಂಎಲ್‌ನ 'ಟಿಹೆಡ್' ಟ್ಯಾಗಿನಲ್ಲಿ ಇಟ್ಟರೆ ಪ್ರತಿ ಪುಟಕ್ಕೂ ತಾನಾಗಿ ಬರುತ್ತದೆ.

ಆದ ಪಿಡಿಎಫನ್ನು ಉಳಿಸಿಡಿ. ಬೇಕೆಂದಾಗ ಡೇಟಾಬೇಸಿನಿಂದ ಹೊಸದಾಗಿ ಎತ್ತಿದರೆ, ನಡುವೆ ತಿದ್ದಿದ ವಿಳಾಸ, ಬಡ್ಡಿದರ ಹಳೆಯ ರಸೀದಿಗೂ ನುಸುಳುತ್ತದೆ. ಪಿಡಿಎಫ್‌ನಿಂದ ಕನ್ನಡ ಪಠ್ಯ ನಕಲಿಸಿ ಇನ್ನೊಂದು ದಾಖಲೆಗೆ ಅಂಟಿಸುವ ಚಾಳಿಯನ್ನಂತೂ ಬಿಡಬೇಕು. ಕಣ್ಣಿಗೆ ಸರಿಯಾಗಿ ಕಂಡ ಪುಟದಲ್ಲೂ ಅರ್ಕಾವತ್ತಿರುವ ಪದಗಳು ಅಂಟಿಸುವಾಗ ಅದಲುಬದಲಾಗುವುದುಂಟು.

"ಕಂಪ್ಯೂಟ್ರಲ್ಲಿ ಸರಿಯಾಗೇ ಇತ್ತಲ್ಲಪ್ಪ." ಆಕೆ ತಪ್ಪಿನ ಜಾಗವನ್ನೇ ಬೊಟ್ಟುಮಾಡಿ ತೋರಿಸಿದ್ದರು: ಸಂಗ್ರಹ ಸರಿ, ಪುಟ ಸರಿ, ಕೆಟ್ಟಿದ್ದು ಆಮೇಲೆ. ದೋಷದ ವರದಿ ಇದಕ್ಕಿಂತ ನಿಖರವಾಗಿ ಇರಬೇಕೇ? ಪರಿಹಾರವಾಗಿ ಸಿಕ್ಕಿದ್ದು ಮಾತ್ರ ಇಂಗ್ಲಿಷಿನ ಭರವಸೆ. ಗುಮಾಸ್ತನನ್ನು ಬೈದು ಫಲವಿಲ್ಲ, ತಂತ್ರಾಂಶ ಮಾರಿದವರು ಹೇಳಿಕೊಟ್ಟದ್ದನ್ನೇ ಆತ ಒಪ್ಪಿಸಿದ. ಎಷ್ಟು ಊರುಗಳಲ್ಲಿ ಹೀಗೆ ಒತ್ತಕ್ಷರದ ಹೆಸರುಗಳು ಇಂಗ್ಲಿಷಿಗೆ ಜಾರಿವೆಯೋ. ಆಮೇಲೆ ಆ ಸ್ಪೆಲ್ಲಿಂಗ್ ಬ್ಯಾಂಕಿನ ಪಾಸ್‌ಬುಕ್ಕಿಗೆ ಹೊಂದದೆ ಅದೇ ಜನ ಮತ್ತೆ ಕೌಂಟರಿನ ಮುಂದೆ.

ಪರೀಕ್ಷೆಗೆಂದು ಹಾಕಿದ್ದ ಹೆಸರು ಅದೇ ತಂತ್ರಾಂಶದಲ್ಲಿ ಇನ್ನೂ ಇತ್ತು: ಕಮಲ. ಒತ್ತಿಲ್ಲ, ಗುಣಿತವಿಲ್ಲ, ಎಂಥ ಲೈಬ್ರರಿಯಲ್ಲೂ ಪಾಸು. ಅದರ ಬದಲು ಸರ್ವಮಂಗಳ, ಕೃಷ್ಣಪ್ಪ, ಸಿದ್ಧಲಿಂಗಯ್ಯ, ಲಕ್ಷ್ಮಮ್ಮ, ಈ ನಾಲ್ಕನ್ನು ಹಾಕಿ ಒಂದು ಪುಟ ಮುದ್ರಿಸಿದ್ದರೆ ಎರಡು ನಿಮಿಷದ ಕೆಲಸ.