ನಿಧಾನಕ್ಕೆ ಓಡೋರು ಮಲ್ನಾಡ್ ಅಲ್ಟ್ರಾಗೆ ಹೋಗೋದಾದ್ರೆ

ರಸ್ತೇಲಿ ಹಾಫ್ ಮ್ಯಾರಥಾನ್ (21 ಕಿ.ಮೀ.) ಮುಗಿಸೋಕೆ ನಂಗೆ 2 ಗಂಟೆ 50 ನಿಮಿಷ ಬೇಕು, ಅಂದ್ರೆ ಕಿಲೋಮೀಟರಿಗೆ ಸುಮಾರು 8 ನಿಮಿಷ. ಇಷ್ಟು ನಿಧಾನ ಇರೋರು ಚಿಕ್ಕಮಗಳೂರು ಕಡೆ ಕಾಫಿ ತೋಟದೊಳಗೆ ನಡೆಯೋ ಮಲ್ನಾಡ್ ಅಲ್ಟ್ರಾ ಅನ್ನೋ ಓಟದ ರೇಸಲ್ಲಿ 30 ಕಿ.ಮೀ. ಓಡ್ಬಹುದಾ ಅಂತ ಕೇಳೋರಿಗೆ ನಾನು ಧೈರ್ಯವಾಗಿ ಹೋಗಿ ಅಂತೀನಿ, ಆದ್ರೆ ಲೆಕ್ಕ ಹಾಕ್ಕೊಂಡು ಹೋಗಿ. ನಂಗೆ ಹಿಡಿದಿದ್ದು 6 ಗಂಟೆ 20 ನಿಮಿಷ, ಕಿಲೋಮೀಟರಿಗೆ 12 ನಿಮಿಷ 40 ಸೆಕೆಂಡ್ ಬಿತ್ತು. ರಸ್ತೆ ಟೈಮನ್ನ ನೇರವಾಗಿ ಗುಣಿಸ್ಕೊಂಡು ಹೋಗಿದ್ರೆ 4 ಗಂಟೇಲಿ ಮುಗಿಯತ್ತೆ ಅನ್ಕೊಂಡಿರ್ತಿದ್ದೆ, ಅಲ್ಲೇ ಎಡವಿರ್ತಿದ್ದೆ.

ಮೊದಲು ಕಟ್‌ಆಫ್ ನೋಡ್ಕೊಳ್ಳಿ, ಅಂದ್ರೆ ಎಷ್ಟೊತ್ತಿನೊಳಗೆ ಮುಟ್ಟದಿದ್ರೆ ರೇಸಿಂದ ಹೊರಗೆ ಅನ್ನೋದು; ಕೊನೇದು ಮಾತ್ರ ಅಲ್ಲ, ಮಧ್ಯದ್ದೂ ಇದ್ಯಾ ಅಂತ ಕೇಳಿ. ನಾನು ಏಡ್ ಸ್ಟೇಷನ್ನುಗಳ (ದಾರೀಲಿ ನೀರು, ತಿನ್ನೋದು ಕೊಡೋ ಜಾಗ) ಕಿಲೋಮೀಟರು, ಅಲ್ಲಿಗೆ ಎಷ್ಟೊತ್ತಿಗೆ ಮುಟ್ಟಬೇಕು ಅನ್ನೋದನ್ನ ಚೀಟೀಲಿ ಬರ್ಕೊಂಡು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಜೇಬಲ್ಲಿ ಇಟ್ಕೊಂಡಿದ್ದೆ. ನಮ್ಮಂಥೋರ ಟೈಮ್ ಹೋಗೋದು ಓಡೋವಾಗ ಅಲ್ಲ, ನಿಂತಾಗ. ಕೂತು ಕಿತ್ತಳೆ ತಿಂದು, ಫೋಟೋ ತೆಗ್ದು, ಶೂ ಬಿಚ್ಚಿ ಕಟ್ಟಿ ಒಂದೊಂದು ಕಡೆ 5 ನಿಮಿಷ ಅಂದ್ರೂ ಆರು ಕಡೆಗೆ ಅರ್ಧ ಗಂಟೆ. ಬಾಟ್ಲಿ ತುಂಬಿಸ್ಕೊಳ್ಳಿ, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ಕೈಲಿ ಹಿಡ್ಕೊಳ್ಳಿ, ತಿಂತಾ ನಡೀರಿ. ಹಿಂದೆ ಬರೋರಿಗೆ ತಿನ್ನೋದು ಕಮ್ಮಿ ಉಳಿದಿರಬಹುದು, ಅದಕ್ಕೆ ನಾಲ್ಕು ಚಿಕ್ಕಿ, ಎರಡು ಓಆರ್‌ಎಸ್ ಪ್ಯಾಕೆಟ್ ನಿಮ್ಮ ಹತ್ರನೇ ಇರ್ಲಿ. ಬೆವರು ಸುರೀತಿರೋವಾಗ ಬರೀ ನೀರನ್ನೇ ಗಟಗಟ ಕುಡೀತಾ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿಯತ್ತೆ, ಆರೇಳು ಗಂಟೆ ಹೊರಗಿರೋ ನಮಗೆ ಅದು ನಿಜವಾದ ಅಪಾಯ.

ಇದು 2016ರಲ್ಲಿ ಶುರುವಾದ ರೇಸು. ದಾರಿ ಎಲ್ಲಾ ತೋಟದ ಜೀಪ್ ರಸ್ತೆ, ಎರಡೂ ಕಡೆ ಕಾಫಿ ಗಿಡ, ಮೇಲೆ ನೆರಳಿಗೆ ಸಿಲ್ವರ್ ಓಕು, ಅದಕ್ಕೆ ಹಬ್ಬಿರೋ ಮೆಣಸಿನ ಬಳ್ಳಿ. ಏರು ಬಂದಾಗ ಮುಲಾಜಿಲ್ದೆ ನಡೀರಿ, ಮುಂದಿದ್ದೋರೂ ಎಷ್ಟೋ ಜನ ನಡೀತಿದ್ರು. ಕೈ ತೊಡೆ ಮೇಲಿಟ್ಟು ಚಿಕ್ಕ ಹೆಜ್ಜೆ ಹಾಕಿ. ನಂಗೆ ತೊಂದ್ರೆ ಕೊಟ್ಟಿದ್ದು ಇಳಿಜಾರು. ಕೆಂಪು ಮಣ್ಣು ಮಳೆಗೆ ನೆಂದು ಸೋಪಿನ ಥರ ಆಗಿತ್ತು, ಬ್ರೇಕ್ ಹಾಕ್ಕೊಂಡೇ ಇಳಿದು ಇಳಿದು ತೊಡೆ ನಡುಗೋಕೆ ಶುರುವಾಯ್ತು, ಹೆಬ್ಬೆರಳ ಉಗುರು ಕಪ್ಪಾಯ್ತು. ಉಗುರು ನಾಲ್ಕು ದಿನ ಮುಂಚೆನೇ ಕತ್ತರಿಸಿ, ಶೂ ಅರ್ಧ ಸೈಜ್ ದೊಡ್ಡದು ತಗೊಳ್ಳಿ, ಅಡಿಯಲ್ಲಿ ಆಳವಾದ ಹಲ್ಲಿರೋ ಟ್ರೇಲ್ ಶೂನೇ ಬೇಕು. ನಾನು ಮೈಸೂರಿನೋನು, ಚಾಮುಂಡಿ ಬೆಟ್ಟದ 1,000 ಮೆಟ್ಲು ಹತ್ತೋ ಪ್ರಾಕ್ಟೀಸ್ ಮಾಡ್ದೆ, ಇಳಿಯೋದಕ್ಕೆ ಬಸ್ ಹತ್ಬಿಡ್ತಿದ್ದೆ, ಆ ತಪ್ಪು ನೀವು ಮಾಡ್ಬೇಡಿ.

ಇನ್ನು ಇಂಬಳ, ಅಂದ್ರೆ ರಕ್ತ ಹೀರೋ ಜಿಗಣೆ. ಒದ್ದೆ ಎಲೆ ಇರೋ ಕಡೆ ನಿಂತ್ರೆ ಹತ್ತತ್ತೆ. ಉದ್ದ ಸಾಕ್ಸ್ ಹಾಕಿ, ಚಿಟಿಕೆ ಉಪ್ಪು ಪೊಟ್ಟಣ ಕಟ್ಕೊಳ್ಳಿ. ಕಚ್ಚಿದ ಜಾಗದಲ್ಲಿ ರಕ್ತ ತುಂಬಾ ಹೊತ್ತು ಜಿನುಗತ್ತೆ, ಯಾಕಂದ್ರೆ ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇರತ್ತೆ, ಗಾಬರಿ ಬೇಡ, ತೊಳೆದು ಒತ್ತಿ ಹಿಡೀರಿ.

22ನೇ ಕಿಲೋಮೀಟರ್ ಆದ್ಮೇಲೆ ಹಿಂದೆನೂ ಇಲ್ಲ ಮುಂದೆನೂ ಇಲ್ಲ, ನಾನೊಬ್ನೇ. ಜೋರು ಮಳೆ. ತೋಟದ ಕೆಲಸದೋರ ಲೈನ್ ಮನೆ ಬಾಗ್ಲಲ್ಲಿ ನಿಂತಿದ್ದ ಒಬ್ರು ಅಜ್ಜಿ "ಈ ಮಳೇಲಿ ಎಂಥಕ್ಕೆ ಓಡ್ತೀರಿ ಮಾರಾಯ್ರೆ, ಒಳಗೆ ಬನ್ನಿ" ಅಂದ್ರು. ಟೈಮಿಲ್ಲ ಅಜ್ಜಿ ಅಂತ ಕೈ ಮುಗಿದು ಮುಂದೆ ಹೋದೆ, ಆದ್ರೆ ಆ ಕರೆಯೋ ದನಿ ಮುಂದಿನ ಏರು ಪೂರ್ತಿ ಜೊತೇಲಿ ಬಂತು, ಕಣ್ಣು ತುಂಬ್ಕೊಂಡಿತ್ತು. ಒಬ್ರೇ ಇರೋವಾಗ ಗುರುತಿನ ರಿಬ್ಬನ್ ಕಡೆ ಗಮನ ಇರ್ಲಿ. ಹತ್ತು ನಿಮಿಷ ನಡೆದ್ರೂ ರಿಬ್ಬನ್ ಕಾಣ್ಲಿಲ್ಲ ಅಂದ್ರೆ ಮುಂದೆ ಹೋಗ್ಬೇಡಿ, ಕೊನೇ ರಿಬ್ಬನ್ ತನಕ ವಾಪಸ್ ಬನ್ನಿ. ಫೋನಿಗೆ ಸಿಗ್ನಲ್ ಇರತ್ತೆ ಅಂತ ನಂಬ್ಕೊಳ್ಳೋ ಹಾಗಿಲ್ಲ. ಹಿಂದಿಂದ ಜೋರಾಗಿ ಬರೋರು ಕಂಡ್ರೆ ಕಿರಿದಾದ ಜಾಗದಲ್ಲಿ ಪಕ್ಕಕ್ಕೆ ಸರಿದು ನಿಲ್ಲಿ, ಇಯರ್‌ಫೋನ್ ಬೇಡವೇ ಬೇಡ.

ಬೆಂಗಳೂರಿಂದ ಬರೋರಿಗೆ ಕಡೂರು ತನಕ ರೈಲು ಅನುಕೂಲ, ಹುಬ್ಬಳ್ಳಿ ಲೈನಲ್ಲೇ ಬರತ್ತೆ, ಅಲ್ಲಿಂದ ಬಸ್ಸು. ಮೈಸೂರಿನವರು ಹಾಸನದ ಮೇಲೆ ಬರಬಹುದು. ಹಿಂದಿನ ದಿನ ಮಧ್ಯಾಹ್ನಕ್ಕೇ ಮುಟ್ಟಿ, ಬಿಬ್ (ಎದೆಗೆ ಹಚ್ಕೊಳ್ಳೋ ನಂಬರ್ ಚೀಟಿ) ತಗೊಂಡು ಬೇಗ ಮಲಗಿ. ವಾಪಸ್ ಟಿಕೆಟ್ ಮಾತ್ರ ಅವತ್ತೇ ಸಂಜೆಗೆ ಮಾಡಿಸ್ಬೇಡಿ. ನಮ್ಮಂಥೋರು ಮುಗಿಸೋದು ಯಾವಾಗ ಅಂತ ಹೇಳಕ್ಕಾಗಲ್ಲ, ಬಸ್ಸಿನ ಚಿಂತೇಲಿ ಕೊನೇ ಇಳಿಜಾರು ಓಡಿ ಕಾಲು ಉಳುಕಿಸ್ಕೊಳ್ಳೋದು ಬೇಡ.